ಬ್ರೆಸಾನ್ ಸಿನಿಮಾಗೆ ಮೊದಲು ಕಿವಿ ಕೊಡಿ: ಹೊಸದಾಗಿ ನೋಡುವವರಿಗೆ ಒಂದು ದಾರಿ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಪುಟ್ಟ ಹಾಲ್‌ನಲ್ಲಿ ಫ್ರೆಂಚ್ ನಿರ್ದೇಶಕ ರಾಬರ್ಟ್ ಬ್ರೆಸಾನ್ ಅವರ, ಕತ್ತೆಯೊಂದರ ಬಗ್ಗೆ ಇರುವ ಸಿನಿಮಾ ಹಾಕಿದ್ದರು. ಆಫೀಸ್ ಮುಗಿಸಿ, ಎರಡು ಬಸ್ ಬದಲಾಯಿಸಿ ಓಡಿ ಹೋಗಿದ್ದೆ. ಅಲ್ಲಿ ಸ್ಪೀಕರ್ ಸರಿ ಇರಲಿಲ್ಲ. ಮಾತೆಲ್ಲ ಗೊರಗೊರ ಅನ್ನುತ್ತಿತ್ತು, ಸಣ್ಣಪುಟ್ಟ ಸದ್ದು ಕೇಳಿಸುತ್ತಲೇ ಇರಲಿಲ್ಲ. "ಹೇಗೂ ಸಬ್‌ಟೈಟಲ್ ಇದೆಯಲ್ಲ" ಅಂತ ಯಾರೋ ಸಮಾಧಾನ ಹೇಳಿದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹಿಂದಿನ ಎರಡು ಸಾಲು ಖಾಲಿ. ನಾನು ಕೊನೆಯವರೆಗೂ ಕೂತಿದ್ದೆ. ಆದರೆ ಏನೂ ತಟ್ಟಲಿಲ್ಲ. ಎಲ್ಲರೂ ಪಾಠ ಒಪ್ಪಿಸಿದ ಹಾಗೆ ಮಾತಾಡುತ್ತಾರೆ, ಯಾರ ಮುಖದಲ್ಲೂ ಏನೂ ಕಾಣುವುದಿಲ್ಲ ಅನ್ನಿಸಿತ್ತು.

ಅದೇ ಸಿನಿಮಾವನ್ನು ಆಮೇಲೊಂದು ರಾತ್ರಿ ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ನೋಡಿದೆ. ಅದು ಬೇರೆಯೇ ಸಿನಿಮಾ ಆಗಿತ್ತು. ಗೊರಸಿನ ಸದ್ದು, ಸರಪಳಿಯ ಸದ್ದು, ದೂರದಲ್ಲಿ ಒಂದು ಮೋಟಾರ್‌ಬೈಕ್ ಬರುವ ಸದ್ದು. ಆ ಬೈಕ್ ಸದ್ದು ಕೇಳಿದ ಕೂಡಲೇ ನನ್ನ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು, ಯಾಕೆಂದರೆ ಬರುವವನು ಯಾರು ಅಂತ ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು. ಆವತ್ತು ಹಾಲ್‌ನಲ್ಲಿ ನಾವು ನೋಡಿದ್ದು ಅರ್ಧ ಸಿನಿಮಾ.

ರಾಬರ್ಟ್ ಬ್ರೆಸಾನ್ ಸಿನಿಮಾ ಶುರು ಮಾಡಿ, ಬೋರ್ ಆಗಿ, ಬಿಟ್ಟವರನ್ನು ನಾನು ಬಹಳ ಜನರನ್ನು ನೋಡಿದ್ದೇನೆ. ಅವರ ತಪ್ಪೇನೂ ಇಲ್ಲ. ಯಾವುದನ್ನು ಮೊದಲು ನೋಡಬೇಕು, ಹೇಗೆ ಕೂರಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೇ. ನಾನು ಎಡವಿ ಕಂಡುಕೊಂಡ ದಾರಿಯನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

1. ಮನುಷ್ಯನ ಬಗ್ಗೆ ಇಷ್ಟು ತಿಳಿದಿರಲಿ

ಬ್ರೆಸಾನ್ ಹುಟ್ಟಿದ್ದು 1901ರ ಸೆಪ್ಟೆಂಬರ್ 25ರಂದು, ಫ್ರಾನ್ಸಿನ ನಡುಭಾಗದ ಓವೆರ್ನ್ ಸೀಮೆಯ ಬ್ರೊಮೊಂ-ಲಾಮೊತ್ ಎಂಬ ಸಣ್ಣ ಊರಿನಲ್ಲಿ. ಹಳೆಯ ಪುಸ್ತಕಗಳಲ್ಲಿ 1907 ಅಂತ ಕಂಡರೆ ಗಾಬರಿ ಬೇಡ, ತುಂಬಾ ದಿನ ಹಾಗೇ ಅಚ್ಚಾಗುತ್ತಿತ್ತು. ಮೊದಲು ಅವರು ಚಿತ್ರಕಾರರು. 1934ರಲ್ಲಿ ಒಂದು ಕಿರುಚಿತ್ರ ಮಾಡಿದರು, ಅದೊಂದು ಹಾಸ್ಯಚಿತ್ರ. ಆಮೇಲೆ ಎರಡನೇ ಮಹಾಯುದ್ಧ ಬಂತು. ಜರ್ಮನ್ನರ ಕೈಗೆ ಸಿಕ್ಕಿ ಒಂದು ವರ್ಷಕ್ಕೂ ಜಾಸ್ತಿ ಯುದ್ಧಕೈದಿಯಾಗಿದ್ದರು. ಈ ಒಂದು ವಿಷಯವನ್ನು ನೆನಪಿಟ್ಟುಕೊಳ್ಳಿ. ಅವರ ಸಿನಿಮಾಗಳಲ್ಲಿ ಬಾಗಿಲು, ಬೀಗ, ಕಂಬಿ, ಕಾರಿಡಾರ್ ಪದೇ ಪದೇ ಬರುತ್ತವೆ.

ಮೊದಲ ಪೂರ್ಣ ಚಿತ್ರ ಬಂದಿದ್ದು 1943ರಲ್ಲಿ, ಪ್ಯಾರಿಸ್ ಇನ್ನೂ ಜರ್ಮನ್ನರ ಹಿಡಿತದಲ್ಲಿದ್ದಾಗ. ಕೊನೆಯದು 1983ರಲ್ಲಿ. ನಲವತ್ತು ವರ್ಷದಲ್ಲಿ ಬರೀ 13 ಸಿನಿಮಾ. ನಿರ್ಮಾಪಕರು ಸಿಗುವುದು ಕಷ್ಟವಿತ್ತು. ತಮ್ಮ ರೀತಿಯಿಂದ ಒಂದಿಂಚೂ ಆಚೀಚೆ ಆಗದ ಮನುಷ್ಯ ಅವರು. ತೀರಿಕೊಂಡಿದ್ದು 1999ರ ಡಿಸೆಂಬರ್ 18ರಂದು.

ಸಿನಿಮಾದವರ ನಡುವೆ ಅವರ ಬಗ್ಗೆ ಒಂದು ಕತೆ ಓಡಾಡುತ್ತದೆ. ಬೈಬಲ್‌ನ ಸೃಷ್ಟಿಕಾಂಡವನ್ನು ಸಿನಿಮಾ ಮಾಡಬೇಕು ಅಂತ ಅವರಿಗೆ ಬಹಳ ಆಸೆಯಿತ್ತು. ಪ್ರಳಯದಲ್ಲಿ ಪ್ರಾಣಿಗಳನ್ನು ಉಳಿಸಿದ ನೋಹನ ನಾವೆಯ ದೃಶ್ಯಕ್ಕೆ ಅಂತ ನಿರ್ಮಾಪಕರು ಸಿಂಹ, ಜಿರಾಫೆ ಎಲ್ಲವನ್ನೂ ಜೋಡಿ ಜೋಡಿಯಾಗಿ ತರಿಸಿದ್ದರಂತೆ. ಬ್ರೆಸಾನ್ ಬಂದು, "ಮರಳ ಮೇಲೆ ಅವುಗಳ ಹೆಜ್ಜೆ ಗುರುತು ಮಾತ್ರ ಕಾಣುತ್ತೆ" ಅಂದರಂತೆ. ಆ ಸಿನಿಮಾ ಕೊನೆಗೂ ಆಗಲಿಲ್ಲ. ಕತೆ ಎಷ್ಟು ನಿಜವೋ, ಆದರೆ ಅವರ ಒಂದೆರಡು ಸಿನಿಮಾ ನೋಡಿದವರು ಇದನ್ನು ಕೇಳಿದರೆ "ಹೌದು, ಹೀಗೇ ಹೇಳಿರುತ್ತಾರೆ" ಅನ್ನುತ್ತಾರೆ.

2. ಶುರು ಮಾಡುವುದು ಜೈಲಿನಿಂದ

ಪಟ್ಟಿಗಳಲ್ಲಿ ಅವರ ಅತಿ ದೊಡ್ಡ ಸಿನಿಮಾ ಅಂತ ಸಾಮಾನ್ಯವಾಗಿ ಕತ್ತೆಯ ಚಿತ್ರವನ್ನೇ ಹೆಸರಿಸುತ್ತಾರೆ. ಅದಕ್ಕೇ ಹೊಸಬರು ಅದನ್ನೇ ಮೊದಲು ಹಾಕುತ್ತಾರೆ. ಬೇಡ. 1956ರ 'ಎ ಮ್ಯಾನ್ ಎಸ್ಕೇಪ್ಡ್' ಹಾಕಿ. ಫ್ರೆಂಚ್ ಹೆಸರಿನ ಅರ್ಥ 'ಮರಣದಂಡನೆಗೆ ಗುರಿಯಾದವನೊಬ್ಬ ತಪ್ಪಿಸಿಕೊಂಡ'. ಕೊನೆಗೆ ಏನಾಗುತ್ತೆ ಅಂತ ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ ನೋಡಿ. ಹೇಳಿದ ಮೇಲೂ ನೀವು ಉಸಿರು ಬಿಗಿಹಿಡಿದು ನೋಡುತ್ತೀರಿ.

ಇದು ನಡೆದ ಕತೆ. ಲಿಯೋಂ ನಗರದ ಮೋಂಲ್ಯುಕ್ ಜೈಲಿನಿಂದ 1943ರ ಆಗಸ್ಟ್‌ನಲ್ಲಿ ಆಂದ್ರೆ ದೆವಿನ್ಯಿ ಎಂಬ ಸೈನ್ಯಾಧಿಕಾರಿ ತಪ್ಪಿಸಿಕೊಂಡಿದ್ದರು. ಅವರೇ ಬರೆದ ಅನುಭವ ಕಥನ ಸಿನಿಮಾಕ್ಕೆ ಆಧಾರ. ಬ್ರೆಸಾನ್ ಅದೇ ಜೈಲಿಗೆ ಹೋಗಿ ಚಿತ್ರೀಕರಣ ಮಾಡಿದರು, ದೆವಿನ್ಯಿ ಪಕ್ಕದಲ್ಲಿದ್ದು ಸಲಹೆ ಕೊಟ್ಟರು. ಸಿನಿಮಾ ಶುರುವಾಗುವುದೇ ಆ ಜೈಲಿನ ಗೋಡೆಯ ಫಲಕದಿಂದ. ಜರ್ಮನ್ ಆಳ್ವಿಕೆಯಲ್ಲಿ ಅಲ್ಲಿ ನರಳಿದವರು 10,000, ಸತ್ತವರು 7,000 ಅಂತ ಅದರಲ್ಲಿ ಬರೆದಿದೆ.

3. ಕೂರುವ ಮುಂಚೆ

ಇಯರ್‌ಫೋನ್ ಅಥವಾ ಒಳ್ಳೆಯ ಸ್ಪೀಕರ್. ಇದೊಂದನ್ನು ಮಾತ್ರ ಬಿಡಬೇಡಿ. ದೊಡ್ಡ ಟಿ.ವಿ. ಇಲ್ಲದಿದ್ದರೂ ನಡೆಯುತ್ತೆ, ಲ್ಯಾಪ್‌ಟಾಪ್ ಸಾಕು. ಸದ್ದು ಮಾತ್ರ ಸ್ಪಷ್ಟವಾಗಿರಬೇಕು. ಹಾಗಾಗಿ ಮಿಕ್ಸಿ, ವಾಷಿಂಗ್ ಮೆಷಿನ್ ಎಲ್ಲ ನಿಂತ ಮೇಲೆ, ರಾತ್ರಿ ಊಟ ಆದ ಮೇಲೆ ಕೂರುವುದು ಒಳ್ಳೆಯದು.

ಡಬ್ ಆದ ಪ್ರಿಂಟ್ ಬೇಡ. ಫ್ರೆಂಚ್ ಧ್ವನಿ, ಇಂಗ್ಲಿಷ್ ಸಬ್‌ಟೈಟಲ್ ಇರಲಿ. ಸಬ್‌ಟೈಟಲ್ ಓದುವ ಅಭ್ಯಾಸ ಇಲ್ಲದವರಿಗೂ ಇಲ್ಲಿ ಕಷ್ಟವಾಗುವುದಿಲ್ಲ, ಮಾತು ಕಡಿಮೆ, ವಾಕ್ಯಗಳು ಪುಟ್ಟವು. ಇನ್ನೊಂದು ಅನುಕೂಲ, ಇವು ಉದ್ದದ ಸಿನಿಮಾಗಳಲ್ಲ. ಹೆಚ್ಚಿನವು ಒಂದೂವರೆ ಗಂಟೆಯ ಆಸುಪಾಸು. 'ಪಿಕ್‌ಪಾಕೆಟ್' ಸುಮಾರು 75 ನಿಮಿಷ, ಫ್ರಾನ್ಸಿನ ವೀರ ಕನ್ಯೆ ಜೋನ್ ಆಫ್ ಆರ್ಕ್ ವಿಚಾರಣೆಯ ಚಿತ್ರ ಇನ್ನೂ ಹತ್ತು ನಿಮಿಷ ಚಿಕ್ಕದು. ಫೋನ್ ಬೇರೆ ರೂಮಿನಲ್ಲಿಡಿ. ನಮ್ಮ ಮಸಾಲೆ ಚಿತ್ರದಲ್ಲಿ ಎರಡು ನಿಮಿಷ ತಪ್ಪಿಸಿಕೊಂಡರೂ ಕತೆ ಸಿಗುತ್ತೆ. ಇಲ್ಲಿ ಒಂದು ಕೈ ಬಾಗಿಲಿನ ಹಿಡಿಕೆಯ ಕಡೆ ಹೋದದ್ದು ತಪ್ಪಿದರೆ ಮುಂದಿನದ್ದೆಲ್ಲ ತಪ್ಪಿದ ಹಾಗೆ.

4. ಮೊದಲ ಐದು ನಿಮಿಷವನ್ನು ಎರಡು ಸಲ ನೋಡಿ

ಒಂದು ಕಾರು. ಹಿಂದಿನ ಸೀಟಿನಲ್ಲಿ ಫೋಂತೇನ್ ಎಂಬ ಯುವಕನನ್ನು ಜೈಲಿಗೆ ಒಯ್ಯುತ್ತಿದ್ದಾರೆ. ಪಕ್ಕದಲ್ಲಿರುವ ಇನ್ನಿಬ್ಬರಿಗೆ ಬೇಡಿ ಹಾಕಿದೆ, ಇವನಿಗೆ ಹಾಕಿಲ್ಲ. ಅವನ ಕೈ ಮೆಲ್ಲಗೆ ಬಾಗಿಲಿನ ಹಿಡಿಕೆಯ ಮೇಲೆ ಹೋಗುತ್ತದೆ. ವಾಪಸ್ ಬರುತ್ತದೆ. ಅವನ ಕಣ್ಣು ರಸ್ತೆಯ ಮೇಲಿದೆ. ಕಾರು ನಿಧಾನ ಆಗಬೇಕು, ಅದಕ್ಕೆ ಕಾಯುತ್ತಿದ್ದಾನೆ. ಎದುರಿಗೆ ಟ್ರಾಮ್ ಅಡ್ಡ ಬರುತ್ತದೆ, ಬ್ರೇಕ್ ಬೀಳುತ್ತದೆ. ಬಾಗಿಲು ತೆರೆದು ಹಾರುತ್ತಾನೆ.

ಈಗ ಬೇರೆ ಯಾವ ನಿರ್ದೇಶಕರಾದರೂ ಕ್ಯಾಮೆರಾವನ್ನು ಅವನ ಹಿಂದೆ ಓಡಿಸುತ್ತಿದ್ದರು. ಬ್ರೆಸಾನ್ ಕ್ಯಾಮೆರಾ ಕಾರಿನಲ್ಲೇ ಕೂತಿರುತ್ತದೆ. ಖಾಲಿ ಸೀಟು, ಪಕ್ಕದಲ್ಲಿ ಬೇಡಿ ಹಾಕಿಕೊಂಡ ಮನುಷ್ಯ. ಅವನು ತಿರುಗಿ ಸಹ ನೋಡುವುದಿಲ್ಲ. ಹೊರಗೆ ಓಡುವ ಸದ್ದು, ಗುಂಡಿನ ಸದ್ದು. ಸ್ವಲ್ಪ ಹೊತ್ತಿಗೆ ಫೋಂತೇನ್‌ನನ್ನು ಅದೇ ಸೀಟಿಗೆ ತಂದು ಕೂರಿಸುತ್ತಾರೆ. ಕೈಗೆ ಬೇಡಿ ಬೀಳುತ್ತದೆ.

ಒಂದು ಸಲ ನೋಡಿ ಆಯಿತು ಅಲ್ವಾ? ಈಗ ಹಿಂದಕ್ಕೆ ಹೋಗಿ, ಕಣ್ಣು ಮುಚ್ಚಿ ಅದನ್ನೇ ಕೇಳಿ. ಎಂಜಿನ್, ಟ್ರಾಮ್, ಬಾಗಿಲು, ಹೆಜ್ಜೆ, ಗುಂಡು. ಕಣ್ಣು ಮುಚ್ಚಿದ್ದರೂ ಇಡೀ ಬೀದಿ ನಿಮಗೆ ಕಾಣುತ್ತದೆ. ಬ್ರೆಸಾನ್ ಇದನ್ನು ಬಲವಾಗಿ ನಂಬಿದ್ದರು. 1975ರಲ್ಲಿ ಬಂದ ಅವರ ಟಿಪ್ಪಣಿಗಳ ಪುಸ್ತಕದಲ್ಲಿ ರೈಲಿನ ಶಿಳ್ಳೆಯ ಮಾತು ಬರುತ್ತದೆ. ಶಿಳ್ಳೆ ಕೇಳಿಸಿದರೆ ಸಾಕು, ಇಡೀ ಸ್ಟೇಷನ್ ನಮ್ಮೊಳಗೆ ಮೂಡುತ್ತದೆ ಎನ್ನುತ್ತಾರೆ. ಸದ್ದು ಮಾಡಬಹುದಾದ ಕೆಲಸಕ್ಕೆ ಅವರು ಚಿತ್ರವನ್ನು ಬಳಸುವುದಿಲ್ಲ.

ಈ ಅಭ್ಯಾಸ ಮಾಡಿಕೊಂಡು ಮುಂದಕ್ಕೆ ಹೋಗಿ. ಫೋಂತೇನ್ ಊಟದ ಚಮಚವೊಂದನ್ನು ಎತ್ತಿಟ್ಟುಕೊಳ್ಳುತ್ತಾನೆ. ಅದರ ಹಿಡಿಯನ್ನು ಸಿಮೆಂಟ್ ನೆಲಕ್ಕೆ ಉಜ್ಜಿ ಉಜ್ಜಿ ಉಳಿ ಮಾಡಿಕೊಳ್ಳುತ್ತಾನೆ. ಬಾಗಿಲು ಓಕ್ ಮರದ ಹಲಗೆಗಳದ್ದು, ಆದರೆ ಹಲಗೆಗಳನ್ನು ಜೋಡಿಸಿರುವ ಪಟ್ಟಿ ಮೆತ್ತನೆಯ ಮರದ್ದು. ಅದನ್ನು ದಿನಾ ಕೆರೆಯುತ್ತಾನೆ. ಕೆರೆದ ಪುಡಿಯನ್ನು ಗುಡಿಸಿ ಮುಚ್ಚಿಡುತ್ತಾನೆ. ಕಾವಲುಗಾರನ ಹೆಜ್ಜೆ ಕೇಳಿದ ಕೂಡಲೇ ನಿಲ್ಲಿಸುತ್ತಾನೆ. ಕಾವಲುಗಾರರ ಮುಖ ನಮಗೆ ಅಪರೂಪಕ್ಕೆ ಕಾಣುತ್ತದೆ. ಮೆಟ್ಟಿಲಿನ ಕಬ್ಬಿಣದ ಕಟಾಂಜನಕ್ಕೆ ಬೀಗದ ಕೈ ಬಡಿಯುತ್ತಾ ಬರುವ ಸದ್ದೇ ನಮಗೆ ಕಾವಲುಗಾರ. ಆಮೇಲೆ ಹೊದಿಕೆ ಹರಿದು, ಮಂಚದ ತಂತಿ ಬಿಚ್ಚಿ, ಎರಡನ್ನೂ ಸೇರಿಸಿ ಹಗ್ಗ ಹೊಸೆಯುತ್ತಾನೆ. ಈ ಕೆಲಸಗಳನ್ನು ಬ್ರೆಸಾನ್ ಅವಸರ ಮಾಡದೆ ತೋರಿಸುತ್ತಾರೆ. ನನಗೆ ನಮ್ಮ ತಾತ ಕೊಟ್ಟಿಗೆ ಜಗುಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದದ್ದು ನೆನಪಾಯಿತು. ಅಷ್ಟೇ ಗಮನ, ಅಷ್ಟೇ ಮೌನ.

ಕೊನೆಯ ರಾತ್ರಿಗೆ ಬಂದಾಗ ಲೈಟ್ ಆರಿಸಿ. ಚಾವಣಿಯ ಮೇಲೆ ಜಲ್ಲಿ ಕಲ್ಲು. ಕಾಲಿಟ್ಟರೆ ಕರಕರ ಅನ್ನುತ್ತದೆ. ಹತ್ತಿರದಲ್ಲಿ ರೈಲು ಹೋಗುವಾಗ ಮಾತ್ರ ಹೆಜ್ಜೆ ಇಡಬೇಕು. ಕೆಳಗೆ ಎಲ್ಲೋ ಕಿರ್‌ರ್ ಕಿರ್‌ರ್ ಅಂತ ಒಂದು ಸದ್ದು ಬರುತ್ತದೆ. ಏನು ಅಂತ ಗೊತ್ತಾಗುವುದಿಲ್ಲ. ಏನು ಅಂತ ನಾನೂ ಹೇಳುವುದಿಲ್ಲ, ನೀವೇ ಕಂಡುಹಿಡಿಯಿರಿ.

ಸಂಗೀತದ ಬಗ್ಗೆ ಒಂದು ಮಾತು. ಇದರಲ್ಲಿ ಮೊಝಾರ್ಟ್‌ನ ಪ್ರಾರ್ಥನಾ ಸಂಗೀತ ಕೆಲವೇ ಸಲ ಬರುತ್ತದೆ. ಎಲ್ಲಿ ಬರುತ್ತೆ ಅಂತ ಗಮನಿಸಿ. ಕೈದಿಗಳು ತಮ್ಮ ತಮ್ಮ ಮಲದ ಬಕೆಟ್ ಹಿಡಿದು ಸಾಲಾಗಿ ಅಂಗಳಕ್ಕೆ ಹೋಗಿ ಸುರಿಯುವ ಹೊತ್ತಿನಲ್ಲಿ ಬರುತ್ತದೆ. ಆ ಬಕೆಟ್‌ಗಳ ಜೊತೆ ಆ ಹಾಡು ಕೇಳಿದಾಗ ನನಗೆ ಗಂಟಲು ಕಟ್ಟಿತ್ತು. ಯಾಕೆ ಅಂತ ಇವತ್ತಿಗೂ ಪೂರ್ತಿ ವಿವರಿಸಲು ಬರುವುದಿಲ್ಲ.

5. ಎರಡನೆಯದು 'ಪಿಕ್‌ಪಾಕೆಟ್'. ಇಲ್ಲಿ ಕೈ ನೋಡಿ

ಒಂದು ವಾರ ಬಿಟ್ಟು 1959ರ 'ಪಿಕ್‌ಪಾಕೆಟ್' ನೋಡಿ. ಮಿಶೆಲ್ ಎಂಬ ಯುವಕ ಜೇಬುಗಳ್ಳನಾಗುತ್ತಾನೆ. ರಷ್ಯದ ಲೇಖಕ ದೊಸ್ತೊಯೆವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' ಕಾದಂಬರಿ ಓದಿದವರಿಗೆ ಅದರ ನೆರಳು ಕಾಣುತ್ತದೆ. ಓದದಿದ್ದರೂ ತೊಂದರೆ ಇಲ್ಲ.

ಇಲ್ಲಿ ನಿಮ್ಮ ಕೆಲಸ ಒಂದೇ, ಕೈಗಳನ್ನು ಹಿಂಬಾಲಿಸುವುದು. ಮೊದಲು ಕುದುರೆ ರೇಸಿನ ಜಾಗದಲ್ಲಿ ಒಬ್ಬ ಹೆಂಗಸಿನ ವ್ಯಾನಿಟಿ ಬ್ಯಾಗ್. ಎಲ್ಲರ ಕಣ್ಣೂ ಓಡುವ ಕುದುರೆಗಳ ಮೇಲೆ. ಕುದುರೆಗಳನ್ನು ನಮಗೆ ತೋರಿಸುವುದಿಲ್ಲ, ಗೊರಸಿನ ಸದ್ದು ಹತ್ತಿರ ಬಂದು ದೂರ ಹೋಗುತ್ತದೆ, ಅಷ್ಟರಲ್ಲಿ ಬೆರಳು ಬ್ಯಾಗಿನ ಕೊಂಡಿ ಬಿಚ್ಚಿರುತ್ತದೆ. ಆಮೇಲೆ ಮಿಶೆಲ್ ತನ್ನ ಕೋಣೆಯಲ್ಲಿ ಮೇಜಿನ ಕಾಲಿಗೆ ಕೈಗಡಿಯಾರ ಕಟ್ಟಿ ಬಿಚ್ಚುವ ಅಭ್ಯಾಸ ಮಾಡುತ್ತಾನೆ. ನಡುವಿನಲ್ಲಿ ಗಾರ್ ದ ಲಿಯೋಂ ರೈಲು ನಿಲ್ದಾಣದ ದೃಶ್ಯ ಬರುತ್ತದೆ. ಮೂವರು ಕಳ್ಳರು. ಪರ್ಸು ಒಂದು ಕೈಯಿಂದ ಇನ್ನೊಂದಕ್ಕೆ, ಮಡಚಿದ ಪೇಪರಿನೊಳಕ್ಕೆ, ಇನ್ನೊಬ್ಬನ ಕೋಟಿನೊಳಕ್ಕೆ ನೀರಿನ ಹಾಗೆ ಹರಿಯುತ್ತದೆ. ಇದನ್ನು ಕಲಿಸಿದವರು ಕಸ್ಸಾಗಿ ಎಂಬ ಕೈಚಳಕದ ಜಾದೂಗಾರ. ಸಿನಿಮಾದಲ್ಲಿ ಕಳ್ಳರಲ್ಲೊಬ್ಬನಾಗಿ ಅವರೂ ಇದ್ದಾರೆ.

ಆ ರೈಲು ನಿಲ್ದಾಣದ ದೃಶ್ಯವನ್ನು ಎರಡು ಮೂರು ಸಲ ನೋಡಿ. ಕಳ್ಳತನ ನೋಡುತ್ತಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ, ನೃತ್ಯ ನೋಡಿದ ಹಾಗಿರುತ್ತದೆ. ಆ ಯುವಕ ಯಾಕೆ ಈ ಕೆಲಸ ಬಿಡಲಾರ ಅಂತ ಆಗ ನಮಗೆ ತಿಳಿಯುತ್ತದೆ. ಮಾತಿನಲ್ಲಿ ಹೇಳಿದ್ದರೆ ಅಷ್ಟು ನಂಬುತ್ತಿರಲಿಲ್ಲ.

6. ಆ 'ಸಪ್ಪೆ' ಮುಖಗಳ ವಿಷಯ

ಜನ ಬ್ರೆಸಾನ್ ಅವರನ್ನು ಬಿಡುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

ಶುರುವಿನ ಎರಡು ಚಿತ್ರಗಳಲ್ಲಿ ಅವರು ವೃತ್ತಿ ನಟರನ್ನೇ ಬಳಸಿದ್ದರು. ಆಮೇಲೆ ನಟನೆಯೇ ಬೇಡ ಅಂತ ತೀರ್ಮಾನಿಸಿದರು. ತಮ್ಮ ಪಾತ್ರಧಾರಿಗಳನ್ನು 'ಮಾಡೆಲ್' ಅಂತ ಕರೆದರು. ಚಿತ್ರಕಾರನ ಎದುರು ಕೂರುವವರಿಗೆ ಹೇಳುತ್ತಾರಲ್ಲ, ಆ ಅರ್ಥದಲ್ಲಿ. ನಾಟಕದ ನಟನೆಯನ್ನು ಕ್ಯಾಮೆರಾದಲ್ಲಿ ಹಿಡಿದರೆ ಅದು ಚಿತ್ರೀಕರಿಸಿದ ನಾಟಕ ಅಷ್ಟೇ ಎನ್ನುವುದು ಅವರ ನಿಲುವು. ತಮ್ಮ ಕೆಲಸಕ್ಕೆ 'ಸಿನಿಮಾ' ಅನ್ನುವ ಪದ ಬಿಟ್ಟು 'ಸಿನೆಮಾಟೊಗ್ರಾಫ್' ಅನ್ನುತ್ತಿದ್ದರು.

ಮಾಡೆಲ್‌ಗಳಿಗೆ ಒಂದೇ ಸಾಲನ್ನು ಹತ್ತಾರು ಸಲ ಹೇಳಿಸುತ್ತಿದ್ದರು. ಭಾವ ತುಂಬಿ ಹೇಳಬೇಕು ಅನ್ನುವ ಆಸೆ ಪೂರ್ತಿ ಒಣಗಿ, ಮಾತು ತಾನಾಗಿ ಬರುವವರೆಗೆ. ಇದನ್ನು ಮನೆಯಲ್ಲೇ ಮಾಡಿ ನೋಡಿ. "ಅಮ್ಮ, ನಾನು ಹೋಗಿ ಬರ್ತೀನಿ" ಅನ್ನುವ ಸಾಲನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಾ ಮೂವತ್ತು ಸಲ ಹೇಳಿ. ಮೊದಲ ಐದರಲ್ಲಿ ನೀವು ನಟಿಸಿರುತ್ತೀರಿ. ಹತ್ತು ಹನ್ನೆರಡರಲ್ಲಿ ಬೇಜಾರು ಬಂದಿರುತ್ತದೆ. ಇಪ್ಪತ್ತು ದಾಟಿದ ಮೇಲೆ ನಿಮ್ಮದೇ ದನಿ ಸುಮ್ನೆ ಬರುತ್ತದೆ, ದಿನಾ ಬಾಗಿಲಲ್ಲಿ ನಿಂತು ಹೇಳುವ ಹಾಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. ನಿಜವಾಗಿ ಊರು ಬಿಟ್ಟು ಹೋಗುವ ಮಗ ಯಾವುದರ ಹಾಗೆ ಹೇಳುತ್ತಾನೆ?

ನಮ್ಮಲ್ಲೂ ದೊಡ್ಡ ದುಃಖದ ಮನೆಯಲ್ಲಿ ಜನ ಕಿರುಚುವುದು ಸ್ವಲ್ಪ ಹೊತ್ತು. ಆಮೇಲೆ ಕಾಫಿ ಯಾರಿಗೆ ಕೊಟ್ಟಾಯಿತು, ಯಾರಿಗೆ ಫೋನ್ ಮಾಡಬೇಕು ಅಂತ ಒಣ ದನಿಯಲ್ಲಿ ಮಾತಾಡುತ್ತಾರೆ. ಆ ದನಿಯನ್ನು ಕೇಳಿದವರಿಗೆ ಬ್ರೆಸಾನ್ ಪಾತ್ರಗಳು ಸಪ್ಪೆ ಅನ್ನಿಸುವುದಿಲ್ಲ. ಪಾತ್ರ ಅಳದೇ ಇದ್ದಾಗ ಅಳುವ ಜಾಗ ನಮಗೆ ಉಳಿಯುತ್ತದೆ.

ಒಮ್ಮೆ ಬಳಸಿದ ಮಾಡೆಲ್‌ಗಳನ್ನು ಮತ್ತೆ ಬಳಸದಿರುವುದು ಅವರ ಪದ್ಧತಿ. ಹಾಗಾಗಿ ಆ ಮುಖಗಳು ಎಲ್ಲೆಲ್ಲೋ ಹೋದವು. ಫೋಂತೇನ್ ಆಗಿದ್ದ ಫ್ರಾಂಸ್ವಾ ಲೆತೆರಿಯೆ ತಾವೇ ನಿರ್ದೇಶಕರಾದರು. ಜೋನ್ ಆಗಿದ್ದ ಫ್ಲೋರಾಂಸ್ ದೆಲೆ ಕಾದಂಬರಿಕಾರ್ತಿಯಾಗಿ, ಫ್ರೆಂಚ್ ಅಕಾಡೆಮಿಯ ಸದಸ್ಯೆಯಾದರು. ಕತ್ತೆಯ ಸಿನಿಮಾದ ಆನ್ ವಿಯಾಜೆಮ್‌ಸ್ಕಿ ನಟಿಯೂ ಆದರು, ಬರಹಗಾರ್ತಿಯೂ ಆದರು.

7. ಈಗ ಕತ್ತೆಯ ಹತ್ತಿರ ಹೋಗಿ

1966ರ 'ಓ ಅಜಾರ್ ಬಾಲ್ತಜಾರ್'. ಬಾಲ್ತಜಾರ್ ಅನ್ನುವುದು ಕತ್ತೆಯ ಹೆಸರು. ಅದು ಮರಿಯಾಗಿದ್ದಾಗ ಮಕ್ಕಳು ಮುದ್ದಿಸಿ, ತಲೆಗೆ ನೀರು ಹಾಕಿ ಹೆಸರಿಡುತ್ತಾರೆ. ಆಮೇಲೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಲೇ ಇರುತ್ತದೆ. ಬ್ರೆಡ್ ಹಂಚುವ ಹುಡುಗ, ಕುಡುಕ, ಸರ್ಕಸ್ಸು, ಜಿಪುಣ ವ್ಯಾಪಾರಿ, ಕಳ್ಳಸಾಗಣೆಯವರು. ಜೊತೆಜೊತೆಗೇ ಮಾರಿ ಎಂಬ ಹುಡುಗಿಯ ಬದುಕೂ ಹಾಗೇ ಜಾರುತ್ತಾ ಹೋಗುತ್ತದೆ. ನಾವು 'ಕತ್ತೆ ಚಾಕರಿ' ಅಂತ ದಿನಾ ಹೇಳುತ್ತೇವಲ್ಲ, ಅದನ್ನು ಇಷ್ಟು ಹತ್ತಿರದಿಂದ ನಾನು ಎಲ್ಲೂ ನೋಡಿರಲಿಲ್ಲ.

ಶುರುವಿನಲ್ಲೇ ಕಿವಿಗೆ ಒಂದು ಪಾಠ ಇದೆ. ಹೆಸರುಗಳು ಬರುವಾಗ ಶೂಬರ್ಟ್‌ನ ಪಿಯಾನೊ ಕೇಳುತ್ತಿರುತ್ತದೆ. ಮಧ್ಯೆ ಅದು ನಿಂತು ಕತ್ತೆ ಜೋರಾಗಿ ಅರಚುತ್ತದೆ. ಮತ್ತೆ ಪಿಯಾನೊ. ಇಡೀ ಸಿನಿಮಾ ಆ ಎರಡು ದನಿಗಳ ನಡುವೆ ನಡೆಯುತ್ತದೆ.

ಸರ್ಕಸ್ಸಿನ ಭಾಗ ಬಂದಾಗ ಮುಂದಕ್ಕೆ ಬಾಗಿ ಕೂರಿ. ಬಾಲ್ತಜಾರ್‌ನನ್ನು ಪಂಜರಗಳ ಮುಂದೆ ನಡೆಸಿಕೊಂಡು ಹೋಗುತ್ತಾರೆ. ಹುಲಿ ಕತ್ತೆಯನ್ನು ನೋಡುತ್ತದೆ, ಕತ್ತೆ ಹುಲಿಯನ್ನು ನೋಡುತ್ತದೆ. ಆಮೇಲೆ ಹಿಮಕರಡಿ, ಕೋತಿ, ಆನೆ. ಆನೆಯ ಕಣ್ಣು ಒಂದೇ ತೆರೆಯ ತುಂಬಾ. ಮಾತಿಲ್ಲ, ಸಂಗೀತವಿಲ್ಲ. ಸೆರೆಯಲ್ಲಿರುವವರು ಸೆರೆಗೆ ಬಂದವನನ್ನು ನೋಡುವ ನೋಟ ಅದು. ಅಲ್ಲಿ ನಿಮಗೆ ಆ ಜೈಲು ಸಿನಿಮಾ ನೆನಪಾದರೆ ಆಶ್ಚರ್ಯವಿಲ್ಲ.

ನಮ್ಮ ಅಮ್ಮನಿಗೆ ಫ್ರೆಂಚ್ ಬರುವುದಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓದುವಷ್ಟು ವೇಗವೂ ಇಲ್ಲ. ಸೊಪ್ಪು ಬಿಡಿಸುತ್ತಾ ಪಕ್ಕದಲ್ಲಿ ಕೂತಿದ್ದರು. ಆ ಜಿಪುಣ ವ್ಯಾಪಾರಿ ಕತ್ತೆಯನ್ನು ಗಾಣದೆತ್ತಿನ ಹಾಗೆ ಸುತ್ತಿಸುವ ಭಾಗ ಬಂದಾಗ ಅಮ್ಮನ ಕೈ ನಿಂತಿತು. "ಅಷ್ಟು ದುಡಿಸ್ಕೊಂಡು ಒಂದು ಹಿಡಿ ಹುಲ್ಲು ಹಾಕಲ್ವಲ್ಲೋ" ಅಂದರು. ಕೊನೆಯವರೆಗೂ ಎದ್ದು ಹೋಗಲಿಲ್ಲ. ಕೊನೆಗೆ ಬೆಟ್ಟದ ಹುಲ್ಲುಗಾವಲಿನಲ್ಲಿ, ಕುರಿಮಂದೆಯ ಗಂಟೆಗಳ ನಡುವೆ ಬಾಲ್ತಜಾರ್ ಕುಸಿದು ಕೂತಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಈ ಸಿನಿಮಾಕ್ಕೆ ಭಾಷೆ ಅಡ್ಡ ಬರುತ್ತೆ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಮನೆಯಲ್ಲಿ ದೊಡ್ಡವರಿದ್ದರೆ ಅವರ ಜೊತೆಗೇ ನೋಡಿ. ದನಕರು ಸಾಕಿದವರು ನಮಗಿಂತ ಚೆನ್ನಾಗಿ ನೋಡುತ್ತಾರೆ.

8. ಉಳಿದವು, ಬೇಗಬೇಗ

ಇಷ್ಟು ಆದ ಮೇಲೆ ಯಾವ ಕ್ರಮದಲ್ಲಿ ನೋಡಿದರೂ ಸರಿ. 1951ರ 'ಡೈರಿ ಆಫ್ ಎ ಕಂಟ್ರಿ ಪ್ರೀಸ್ಟ್' ಒಬ್ಬ ಕಾಯಿಲೆಯ ಪಾದ್ರಿಯ ಕತೆ, ಜಾರ್ಜ್ ಬೆರ್ನಾನೋಸ್ ಕಾದಂಬರಿಯಿಂದ. ಪಾದ್ರಿಯ ಊಟ ಗಮನಿಸಿ: ವೈನ್‌ನಲ್ಲಿ ನೆನೆಸಿದ ಒಣ ಬ್ರೆಡ್. ಕೊನೆಯಲ್ಲಿ ತೆರೆಯ ಮೇಲೆ ಬರೀ ಒಂದು ಶಿಲುಬೆಯ ಆಕಾರ ಉಳಿಯುತ್ತದೆ, ಒಂದು ದನಿ ಪತ್ರ ಓದುತ್ತದೆ. 1962ರ ಜೋನ್ ಆಫ್ ಆರ್ಕ್ ಚಿತ್ರಕ್ಕೆ 1431ರ ವಿಚಾರಣೆಯ ದಾಖಲೆಗಳೇ ಆಧಾರ. ಆರ್ಥರ್ ರಾಜನ ಕತೆಗಳ ವೀರ ಲಾನ್ಸ್‌ಲಾಟ್ ಬಗೆಗಿನ 1974ರ ಚಿತ್ರದಲ್ಲಿ ವೀರರ ಪಂದ್ಯವನ್ನು ಕುದುರೆಗಳ ಕಾಲು, ಈಟಿ, ಬಾವುಟದಲ್ಲೇ ತೋರಿಸಿಬಿಡುತ್ತಾರೆ, ಕಬ್ಬಿಣದ ಕವಚದ ಖಣಖಣ ಕಿವಿಯಲ್ಲೇ ಉಳಿಯುತ್ತದೆ.

1967ರ 'ಮೂಶೆಟ್' ಬಗ್ಗೆ ಒಂದು ಎಚ್ಚರಿಕೆ. ಹಳ್ಳಿಯ ಬಡ ಹುಡುಗಿಯೊಬ್ಬಳ ಕತೆ. ಅತ್ಯಾಚಾರವಿದೆ, ಕೊನೆಗೆ ಅವಳೇ ಜೀವ ಕಳೆದುಕೊಳ್ಳುತ್ತಾಳೆ. ಮನಸ್ಸು ಕುಗ್ಗಿದ ದಿನಗಳಲ್ಲಿ ನೋಡಬೇಡಿ. ನೋಡುವಾಗ ಜಾತ್ರೆಯಲ್ಲಿ ಅವಳು ಡಿಕ್ಕಿ ಹೊಡೆಯುವ ಪುಟ್ಟ ಕಾರಿನಲ್ಲಿ ಕೂತು ನಗುವ ಒಂದೆರಡು ನಿಮಿಷವನ್ನು ಜೋಪಾನವಾಗಿ ನೋಡಿ. ಅವಳಿಗೆ ಸಿಕ್ಕ ಸಂತೋಷ ಅಷ್ಟೇ.

ಕೊನೆಗೆ ಇಟ್ಟುಕೊಳ್ಳಬೇಕಾದ್ದು 1983ರ 'ಲಾರ್ಜಾಂ'. ಅಂದರೆ 'ಹಣ'. ಟಾಲ್‌ಸ್ಟಾಯ್ ಕತೆಯೊಂದರಿಂದ ಬಂದಿದ್ದು. ಒಂದು ಖೋಟಾ ನೋಟು ಕೈಯಿಂದ ಕೈಗೆ ಹೋಗಿ, ಉರುವಲು ಎಣ್ಣೆ ಸರಬರಾಜು ಮಾಡುವ ಪಾಪದ ಕೆಲಸಗಾರ ಈವೋನ್‌ನ ಕೈಯಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿಂದ ಅವನು ಕೊಲೆಯವರೆಗೆ ಹೋಗುತ್ತಾನೆ. ಬ್ರೆಸಾನ್‌ಗೆ ಆಗ ಎಂಬತ್ತು ದಾಟಿತ್ತು, ಆದರೂ ಇದು ಅವರ ಅತಿ ವೇಗದ ಸಿನಿಮಾ. ಇದರಲ್ಲಿ ಒಬ್ಬ ಮುದುಕಿ ಬಟ್ಟಲಿನಲ್ಲಿ ಕಾಫಿ ಹಿಡಿದು ಬರುತ್ತಾಳೆ. ಅವಳ ತಂದೆ ಕೆನ್ನೆಗೆ ಹೊಡೆಯುತ್ತಾನೆ. ಹೊಡೆತ ನಮಗೆ ಕೇಳಿಸುತ್ತದೆ. ಕಾಣುವುದು ಅವಳ ಕೈ, ಆ ಬಟ್ಟಲು, ತುಳುಕಿದ ಕಾಫಿ. ಆ ಬಟ್ಟಲನ್ನು ಅವಳು ಬಿಡುವುದಿಲ್ಲ. ಅವಳ ಇಡೀ ಬದುಕು ಆ ಕೈಯಲ್ಲಿದೆ. ಆ ವರ್ಷ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಇದಕ್ಕೂ ರಷ್ಯದ ನಿರ್ದೇಶಕ ತಾರ್ಕೊವ್‌ಸ್ಕಿಯ ಚಿತ್ರಕ್ಕೂ ಒಂದು ಪ್ರಶಸ್ತಿಯನ್ನು ಹಂಚಿ ಕೊಟ್ಟರು. ಸಭೆಯಲ್ಲಿ ಚಪ್ಪಾಳೆಯ ಜೊತೆ ಕೂಗಾಟವೂ ಇತ್ತು.

9. ನೀವು ಕಿರುಚಿತ್ರ ಮಾಡುವವರಾದರೆ

ಒಂದು ವಾರಾಂತ್ಯದ ಅಭ್ಯಾಸ ಹೇಳುತ್ತೇನೆ. ಬ್ರೆಸಾನ್ ಬಹುಮಟ್ಟಿಗೆ 50 ಎಂಎಂ ಲೆನ್ಸ್ ಒಂದನ್ನೇ ಬಳಸುತ್ತಿದ್ದರು. ಎಲ್ಲಾ ಸಿನಿಮಾಗೂ ಒಂದೇ ಕಣ್ಣು. ನಿಮ್ಮ ಫೋನಿನಲ್ಲಿ 2ಎಕ್ಸ್ ಒತ್ತಿದರೆ ಆ ನೋಟಕ್ಕೆ ಸ್ವಲ್ಪ ಹತ್ತಿರ ಬರಬಹುದು. ಅದರಿಂದ ಆಚೀಚೆ ಹೋಗಬೇಡಿ.

ಮನೆಯ ಒಂದು ಕೆಲಸ ಆರಿಸಿ. ದೋಸೆ ಹುಯ್ಯುವುದು, ಹೂ ಕಟ್ಟುವುದು, ಅಂಗಡಿ ಷಟರ್ ಎಳೆಯುವುದು, ಯಾವುದಾದರೂ ಸರಿ. ಕೆಲಸ ಮಾಡುವವರ ಮುಖ ಒಂದೇ ಒಂದು ಸಲ ತೋರಿಸಿ. ಉಳಿದದ್ದೆಲ್ಲ ಕೈ, ವಸ್ತು, ಬಾಗಿಲು. ಹಿನ್ನೆಲೆ ಸಂಗೀತ ಬೇಡ. ಸದ್ದನ್ನು ಬೇರೆಯಾಗಿ, ಹತ್ತಿರದಿಂದ ರೆಕಾರ್ಡ್ ಮಾಡಿ. ಆಮೇಲೆ ಎಡಿಟ್ ಮಾಡುವಾಗ ಪ್ರತಿ ಶಾಟ್‌ಗೂ ಒಂದು ಪ್ರಶ್ನೆ ಕೇಳಿ: ಇದನ್ನು ಸದ್ದಿನಲ್ಲೇ ಹೇಳಬಹುದಾ? ಹೇಳಬಹುದಾದರೆ ಆ ಶಾಟ್ ತೆಗೆಯಿರಿ. ಮೂರು ನಿಮಿಷದ್ದು ಒಂದೂವರೆ ನಿಮಿಷಕ್ಕೆ ಇಳಿಯುತ್ತದೆ. ಅತ್ತೆ ಹೂ ಕಟ್ಟುವುದನ್ನು ನಾನು ಹೀಗೆ ತೆಗೆದಿದ್ದೆ. ಬಾಳೆನಾರು ಎಳೆದಾಗ ಬರುವ ಸರ್ ಅನ್ನುವ ಸಣ್ಣ ಸದ್ದು, ನಲವತ್ತು ವರ್ಷದಿಂದ ಮನೆಯಲ್ಲಿದ್ದ ಸದ್ದು, ಅವತ್ತೇ ನನಗೆ ಮೊದಲ ಸಲ ಕೇಳಿಸಿದ್ದು.

10. ಅಲ್ಲಿಂದ ನಮ್ಮ ದೇಶಕ್ಕೆ ಬಂದ ದಾರಿ

1969ರ 'ಯೂನ್ ಫಾಮ್ ದೂಸ್' ಬ್ರೆಸಾನ್ ಅವರ ಮೊದಲ ಬಣ್ಣದ ಚಿತ್ರ. ದೊಸ್ತೊಯೆವ್‌ಸ್ಕಿಯ ಕತೆ, ಆದರೆ ನಡೆಯುವುದು ಪ್ಯಾರಿಸ್ಸಿನಲ್ಲಿ. ಸಣ್ಣ ವಯಸ್ಸಿನ ಹೆಂಡತಿ ಜೀವ ಕಳೆದುಕೊಂಡಿದ್ದಾಳೆ, ಗಿರವಿ ಅಂಗಡಿಯ ಗಂಡ ಶವದ ಪಕ್ಕ ಕೂತು ಹಿಂದಿನದನ್ನು ನೆನೆಯುತ್ತಾನೆ. ಈ ಚಿತ್ರಕ್ಕೆ ಸಹಾಯಕರಾಗಿ ಕೆಲಸ ಮಾಡಿದವರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಬಂಗಾಳಿ ನಿರ್ದೇಶಕ ಋತ್ವಿಕ್ ಘಟಕ್ ಅವರ ಹತ್ತಿರ ಕಲಿತು ಪ್ಯಾರಿಸ್‌ಗೆ ಓದಲು ಹೋಗಿದ್ದ, ಮುಂದೆ ತಾವೂ ನಿರ್ದೇಶಕರಾದ ಕುಮಾರ್ ಶಹಾನಿ ಇದ್ದರು. ಅದೇ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತ ನಿರ್ದೇಶಕ ಮಣಿ ಕೌಲ್ ಅವರ ಮೇಲೂ ಬ್ರೆಸಾನ್ ಪ್ರಭಾವ ದೊಡ್ಡದು. ಅವರ ಮೊದಲ ಚಿತ್ರ 'ಉಸ್ಕಿ ರೋಟಿ'ಯಲ್ಲಿ ಹೆಂಗಸೊಬ್ಬಳು ಬಸ್ ಓಡಿಸುವ ಗಂಡನಿಗೆ ಬುತ್ತಿ ಹಿಡಿದು ರಸ್ತೆ ಬದಿಯಲ್ಲಿ ಕಾಯುತ್ತಾಳೆ. ಆ ಕೈ, ಆ ಬುತ್ತಿ, ಆ ಕಾಯುವಿಕೆ ನೋಡಿದಾಗ ಅವರು ಯಾರನ್ನು ಪ್ರೀತಿಸಿದ್ದರು ಅಂತ ಗೊತ್ತಾಗುತ್ತದೆ.

ಬ್ರೆಸಾನ್ ಬಳಸಿದ ಅದೇ ದೊಸ್ತೊಯೆವ್‌ಸ್ಕಿ ಕತೆಯನ್ನು ಮಣಿ ಕೌಲ್ ಸುಮಾರು ಇಪ್ಪತ್ತು ವರ್ಷದ ನಂತರ ಹಿಂದಿಯಲ್ಲಿ 'ನಜರ್' ಅಂತ ಮಾಡಿದರು. ಎರಡೂ ಸಿಕ್ಕರೆ ಬಿಡಬೇಡಿ. ಶನಿವಾರ ರಾತ್ರಿ ಬ್ರೆಸಾನ್, ಭಾನುವಾರ ರಾತ್ರಿ ಮಣಿ ಕೌಲ್. ಬ್ರೆಸಾನ್ ಚಿತ್ರದ ಶುರುವಿನಲ್ಲಿ ಬಾಲ್ಕನಿಯಿಂದ ಒಂದು ಬಿಳಿ ಶಾಲು ಗಾಳಿಯಲ್ಲಿ ತೇಲುತ್ತಾ ಕೆಳಗಿಳಿಯುತ್ತದೆ. ಕೆಳಗೆ ರಸ್ತೆಯಲ್ಲಿ ಬ್ರೇಕ್ ಹಾಕಿದ ಕಾರುಗಳ ಸದ್ದು. ಶಾಲನ್ನು ನೋಡುತ್ತಾ ಆ ಸದ್ದು ಕೇಳಿ.